ಹತ್ತು ಶಾಲೆಗೊಬ್ಬ ಸಲಹೆಗಾರ ಎಲ್ಲಿ?

ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಬಂದು, ಹಂಗಳದಲ್ಲಿ ಬಲಕ್ಕೆ ಹೊರಳಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ. ಚೆಂಡುಹೂವಿನ ಹೊಲ ಕಂಡಲ್ಲೆಲ್ಲ ಪ್ರವಾಸಿಗರು ಕಾರು ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಆ ಹೊಲ ಉಳುವವರ ಮನೆಗಳಲ್ಲಿ ಬೇಸಿಗೆ ಬಂದರೆ ಒಂದೇ ಚಿಂತೆ: ಎಸ್ಸೆಸ್ಸೆಲ್ಸಿ ಆಯ್ತು, ಮುಂದೇನು?

ಇದಕ್ಕೆ ಉತ್ತರ ಹೇಳುವವರು ಶಾಲೆಯಲ್ಲೇ ಇರಬೇಕೆಂಬ ಯೋಚನೆ ಹಳೆಯದು. ಫ್ರ್ಯಾಂಕ್ ಪಾರ್ಸನ್ಸ್ 1908ರಲ್ಲಿ ಬಾಸ್ಟನ್‌ನಲ್ಲಿ ಯುವಕರಿಗಾಗಿ ವೃತ್ತಿ ಮಾರ್ಗದರ್ಶನ ಕಚೇರಿ ತೆರೆದರು. ಅಮೆರಿಕದ ಹೈಸ್ಕೂಲುಗಳಲ್ಲಿ ಕಾಲೇಜಿನ ದಾರಿ ತೋರುವ ಕೌನ್ಸೆಲರ್‌ಗಳ ಮೂಲ ಅಲ್ಲಿದೆ. ನಮ್ಮಲ್ಲಿ 1952–53ರ ಮೊದಲಿಯಾರ್ ಆಯೋಗ ತರಬೇತಾದ ಮಾರ್ಗದರ್ಶಕರು ಬೇಕೆಂದಿತು. ಕೊಠಾರಿ ಆಯೋಗ (1964–66) ನಮ್ಮ ಜೇಬು ನೋಡಿ ಮಾತಾಡಿತು: ಹತ್ತು ಶಾಲೆಗಳಿಗೆ ಒಬ್ಬ ಸಂಚಾರಿ ಸಲಹೆಗಾರನಾದರೂ ಇರಲಿ, ಮಾರ್ಗದರ್ಶನ ಪ್ರಾಥಮಿಕ ಶಾಲೆಯಿಂದಲೇ ಶುರುವಾಗಲಿ.

ಸರ್ಕಾರಿ ಹೈಸ್ಕೂಲುಗಳಲ್ಲಿ ಆ ಹುದ್ದೆ ಬೇರೂರಲಿಲ್ಲ. ಕೆಲಸ ಮಾತ್ರ ಮೇಷ್ಟರ ಹೆಗಲಿಗೆ ಬಿತ್ತು. ಪಿಯುಸಿಗೆ ಕಲಾ ವಿಭಾಗ ಹಿಡಿದರೆ ಎಂಜಿನಿಯರಿಂಗ್ ಬಾಗಿಲು ಮುಚ್ಚುತ್ತದೆ, ಡಿಪ್ಲೊಮಾ ಮುಗಿಸಿದರೆ ನೇರ ಎರಡನೇ ವರ್ಷದ ಬಿ.ಇ.ಗೆ ಸೇರಬಹುದು ಎಂದೆಲ್ಲ ಪಾಠದ ನಡುವೆ ಅವರೇ ಹೇಳಬೇಕು. ವೃತ್ತಿಪರ ಕಾಲೇಜುಗಳ ಪ್ರವೇಶದ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 1993ರ ಉನ್ನಿಕೃಷ್ಣನ್ ತೀರ್ಪಿನ ಬೆನ್ನಲ್ಲೇ, 1994ರಲ್ಲಿ ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ (ಸಿಇಟಿ) ಬಂತು. ಅಲ್ಲಿಂದ ಅಂಕದಷ್ಟೇ, ಎಲ್ಲಿ ಓದಿದರೆಂದು ತೋರಿಸುವ ಕಾಗದಪತ್ರವೂ ಮುಖ್ಯವಾಯಿತು.

ಬೆಟ್ಟದ ತಪ್ಪಲಿನ ಮಕ್ಕಳಿಗೆ ನಿಜವಾಗಿ ತಟ್ಟುವುದು ಇದೇ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದವರಿಗೆ ಸಿಇಟಿಯಲ್ಲಿ ಶೇ 15ರ ಗ್ರಾಮೀಣ ಮೀಸಲಾತಿಯಿದೆ. ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ 5ರ ಇನ್ನೊಂದು. ಆದರೆ ಏಳನೇ ತರಗತಿ ಮುಗಿದದ್ದೇ ತಡ, ಅನುಕೂಲವಿದ್ದವರು ಮಗುವನ್ನು ಗುಂಡ್ಲುಪೇಟೆಯ ಶಾಲೆಗೆ ಸೇರಿಸುತ್ತಾರೆ. ಗುಂಡ್ಲುಪೇಟೆ ಪುರಸಭೆಯ ಊರು. ಗ್ರಾಮೀಣ ಮೀಸಲಾತಿ ಅಲ್ಲಿಗೇ ಕೈತಪ್ಪುತ್ತದೆ. ಊರಿನ ಶಾಲೆ ಚೆನ್ನಾಗಿಲ್ಲದಿದ್ದರೆ ಪಟ್ಟಣಕ್ಕೆ ಕಳಿಸುವುದೇ ಸರಿಯಿರಬಹುದು, ನಾನು ಬೇಡವೆನ್ನುವುದಿಲ್ಲ. ಕಳೆದುಕೊಳ್ಳುವುದೇನೆಂದು ತಿಳಿದು ಕಳಿಸಬೇಕು, ಅಷ್ಟೆ. ಪಿಯುಸಿ ಮುಗಿಸಿ ಸಿಇಟಿ ಅರ್ಜಿ ತುಂಬುವಾಗ ಯಾವ ಸಲಹೆಗಾರ ಬಂದರೂ ಇದನ್ನು ಸರಿಪಡಿಸಲಾರ. ಪ್ರಾಥಮಿಕ ಶಾಲೆಯಿಂದಲೇ ಎಂದ ಕೊಠಾರಿಯವರ ಮಾತು ಎಷ್ಟು ಸರಿಯೆಂದು ಹಂಗಳದಂಥ ಊರಲ್ಲಿ ಗೊತ್ತಾಗುತ್ತದೆ.

ಶಿಕ್ಷಣ ಇಲಾಖೆ ತಾಲ್ಲೂಕಿಗೆ ಇಬ್ಬರು ಸಂಚಾರಿ ಸಲಹೆಗಾರರನ್ನಾದರೂ ಕೊಡಲಿ. ಅಲ್ಲಿಯವರೆಗೆ, ಏಳನೇ ತರಗತಿಯ ಟಿಸಿ ತರಲು ಹೋದ ತಂದೆತಾಯಿಯರು ಗ್ರಾಮೀಣ ಮೀಸಲಾತಿಯ ವಿಚಾರವನ್ನು ಹೆಡ್‌ಮಾಸ್ಟರರ ಬಳಿ ಕೇಳಿಯೇ ಸಹಿ ಹಾಕಲಿ.