ಜಕಣಾಚಾರಿಯ ಕಥೆಯೂ ರೂವಾರಿಗಳ ಸಹಿಯೂ

ಬೇಲೂರಿಗೆ ಶಾಲಾ ಪ್ರವಾಸ ಹೋಗಿಬಂದ ಯಾರನ್ನು ಕೇಳಿದರೂ ಚೆನ್ನಕೇಶವ ದೇವಾಲಯದ ಶಿಲ್ಪಿಯ ಹೆಸರು ತಟ್ಟನೆ ಹೇಳುತ್ತಾರೆ: ಜಕಣಾಚಾರಿ. ಆದರೆ ಅದೇ ದೇವಾಲಯದ ವಿಗ್ರಹಗಳ ಪೀಠಗಳಲ್ಲಿ, ಎಂಟು ನೂರು ವರ್ಷಗಳಿಗೂ ಹಿಂದೆ ಶಿಲ್ಪಿಗಳು ತಾವೇ ಕೊರೆದುಕೊಂಡ ಹೆಸರುಗಳು ಇಂದಿಗೂ ಉಳಿದಿವೆ. ಆ ಹೆಸರುಗಳ ನಡುವೆ ಜಕಣಾಚಾರಿ ಮಾತ್ರ ಇಲ್ಲ. ಬೇಲೂರು, ಹಳೇಬೀಡು, ಅರಸೀಕೆರೆ ಸೀಮೆಯ ದೇಗುಲಗಳನ್ನು ಕಟ್ಟಿದ ಶಿಲ್ಪಿ ಬಳಗದ ನಿಜವಾದ ಚರಿತ್ರೆ ಒಂದು ಸುಂದರ ಕಟ್ಟುಕಥೆಯ ಮರೆಯಲ್ಲಿ ನಿಂತುಬಿಟ್ಟಿದೆ.

ಕಥೆ ಹೇಳುವುದೇನು?

ತುಮಕೂರಿನ ಸಮೀಪದ ಕ್ರೀಡಾಪುರದಲ್ಲಿ ಹುಟ್ಟಿದ ಜಕಣಾಚಾರಿ, ಗರ್ಭಿಣಿ ಪತ್ನಿಯನ್ನು ಊರಿನಲ್ಲೇ ಬಿಟ್ಟು ದೇಶಾಂತರ ಹೊರಟು, ನಾಡಿನ ತುಂಬ ದೇಗುಲಗಳನ್ನು ಕಟ್ಟಿ ಕೊನೆಗೆ ಬೇಲೂರಿಗೆ ಬರುತ್ತಾನೆ. ತಂದೆಯನ್ನು ಹುಡುಕುತ್ತ ಬಂದ ಮಗ ಡಂಕಣಾಚಾರಿ, ತನ್ನ ಗುರುತು ಹೇಳದೆಯೇ, ಪ್ರತಿಷ್ಠೆಗೆ ಸಿದ್ಧವಾದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ದೋಷ ತೋರಿಸಿದರೆ ನನ್ನ ಬಲಗೈಯನ್ನೇ ಕಡಿದುಕೊಳ್ಳುತ್ತೇನೆಂದು ಹಿರಿಯ ಶಿಲ್ಪಿ ಪಂಥ ಕಟ್ಟುತ್ತಾನೆ. ವಿಗ್ರಹಕ್ಕೆ ಗಂಧ ಲೇಪಿಸಿದಾಗ ಹೊಕ್ಕುಳ ಭಾಗದ ಹೊರತು ಉಳಿದೆಡೆ ಒಣಗುತ್ತದೆ. ಅಲ್ಲಿ ಉಳಿಯಿಟ್ಟು ಬಡಿದರೆ ನೀರಿನೊಡನೆ ಕಪ್ಪೆಯೊಂದು ಹೊರಬೀಳುತ್ತದೆ. ಜಕಣಾಚಾರಿ ಕೈ ಕಡಿದುಕೊಳ್ಳುತ್ತಾನೆ. ತಂದೆ ಮಕ್ಕಳು ಪರಸ್ಪರ ಗುರುತಿಸುತ್ತಾರೆ. ಬಳಿಕ ಹುಟ್ಟೂರಿನಲ್ಲಿ ಕೇಶವನ ಗುಡಿ ಕಟ್ಟಿದಾಗ ಕೈ ಮರಳಿ ಬಂದು, ಊರಿಗೆ ಕೈದಾಳವೆಂಬ ಹೆಸರಾಯಿತಂತೆ.

ಈ ಐತಿಹ್ಯವನ್ನು ಬಿ.ಎಲ್. ರೈಸ್ 19ನೇ ಶತಮಾನದಲ್ಲಿ ಮೈಸೂರು ಗೆಜೆಟಿಯರ್‌ನಲ್ಲಿ ದಾಖಲಿಸಿದರು. 1964ರಲ್ಲಿ ಬಿ.ಎಸ್. ರಂಗಾ ನಿರ್ದೇಶನದಲ್ಲಿ ಕಲ್ಯಾಣ್ ಕುಮಾರ್, ಬಿ. ಸರೋಜಾದೇವಿ ಅಭಿನಯಿಸಿದ ‘ಅಮರಶಿಲ್ಪಿ ಜಕಣಾಚಾರಿ’ ತೆರೆಕಂಡಿತು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರವೆಂಬ ಹೆಗ್ಗಳಿಕೆಯ ಆ ಚಿತ್ರ ಕಥೆಯನ್ನು ಮನೆಮನೆಗೂ ತಲುಪಿಸಿತು. ರಾಜ್ಯ ಸರ್ಕಾರ ಶಿಲ್ಪಿಗಳಿಗೆ ನೀಡುವ ಪ್ರಶಸ್ತಿಗೂ ಅದೇ ಹೆಸರಿದೆ. ಈಚಿನ ವರ್ಷಗಳಲ್ಲಿ ಜನವರಿ 1ನ್ನು ಜಕಣಾಚಾರಿ ಸಂಸ್ಮರಣಾ ದಿನವನ್ನಾಗಿ ಆಚರಿಸಲಾಗುತ್ತಿದೆ.

ಕೈದಾಳದಲ್ಲಿ 12ನೇ ಶತಮಾನದ ಶಾಸನವೊಂದಿದೆ. ಬಾಚಿ ಎಂಬ ಸಾಮಂತ ಅಲ್ಲಿ ದೇವಾಲಯಗಳನ್ನು ಕಟ್ಟಿಸಿದ್ದನ್ನು ಅದು ವಿವರವಾಗಿ ಹೇಳುತ್ತದೆ. ಕೈ ಕಡಿದುಕೊಂಡ ಶಿಲ್ಪಿಯ ಸುದ್ದಿಯನ್ನು ಎತ್ತುವುದಿಲ್ಲ. ಜನಪದವು ಜಕಣಾಚಾರಿಯ ಲೆಕ್ಕಕ್ಕೆ ಬರೆದಿರುವ ದೇಗುಲಗಳ ಕಾಲವನ್ನು ಜೋಡಿಸಿ ನೋಡಿದರೂ ತೊಡಕು ಕಾಣುತ್ತದೆ. ಬೇಲೂರಿನ ಪ್ರತಿಷ್ಠೆ 1117ರಲ್ಲಿ. ಸೋಮನಾಥಪುರ ನಿರ್ಮಾಣವಾದದ್ದು 13ನೇ ಶತಮಾನದ ಉತ್ತರಾರ್ಧದಲ್ಲಿ. ಒಬ್ಬನ ಆಯುಷ್ಯ ಅಷ್ಟು ದೂರ ಎಟುಕದು.

ಯೂರೋಪಿನಲ್ಲೂ ಇಂಥದೇ ಕಥೆ

ಕಟ್ಟಡ ಕಟ್ಟುವವರ ಸುತ್ತ ಕಥೆ ಹುಟ್ಟುವುದು ನಮ್ಮಲ್ಲಿ ಮಾತ್ರವಲ್ಲ. ಸ್ಕಾಟ್ಲೆಂಡಿನ ರಾಸ್ಲಿನ್ ಚರ್ಚಿನ ನಿರ್ಮಾಣ ಆರಂಭವಾದದ್ದು 1446ರಲ್ಲಿ. ಅದರ ಒಂದು ಅಲಂಕೃತ ಕಂಬಕ್ಕೆ ‘ಶಿಷ್ಯನ ಕಂಬ’ ಎಂದೇ ಹೆಸರು. ಗುರು ಪರದೇಶಕ್ಕೆ ಹೋಗಿದ್ದಾಗ ಶಿಷ್ಯನೇ ಅದನ್ನು ಕೆತ್ತಿ ಮುಗಿಸಿದನೆಂದೂ, ಮರಳಿ ಬಂದ ಗುರು ಮತ್ಸರದಿಂದ ಅವನನ್ನು ಕೊಡತಿಯಿಂದ ಹೊಡೆದು ಕೊಂದನೆಂದೂ ಅಲ್ಲಿನವರು ಹೇಳುತ್ತಾರೆ. ಹಿರಿಯನನ್ನು ಮೀರಿಸುವ ಕಿರಿಯ ಎರಡೂ ಕಥೆಗಳಲ್ಲಿದ್ದಾನೆ. ಅಲ್ಲಿ ಗುರು ಶಿಷ್ಯನ ಪ್ರಾಣ ತೆಗೆದರೆ, ಇಲ್ಲಿ ತಂದೆ ಆಡಿದ ಮಾತಿಗಾಗಿ ತನ್ನ ಕೈಯನ್ನೇ ಕೊಡುತ್ತಾನೆ.

ಇದೇ ರಾಸ್ಲಿನ್ ಚರ್ಚು, 2003ರಲ್ಲಿ ಪ್ರಕಟವಾದ ಡ್ಯಾನ್ ಬ್ರೌನ್‌ರ ‘ದ ಡ ವಿಂಚಿ ಕೋಡ್’ ಕಾದಂಬರಿಯಿಂದ ಜಗತ್ಪ್ರಸಿದ್ಧವಾಯಿತು. ಪುನರುಜ್ಜೀವನ ಕಾಲದ ಮಹಾಕಲಾವಿದರು ‘ಪ್ರಯರಿ ಆಫ್ ಸಯನ್’ ಎಂಬ ಗುಪ್ತ ಸಂಘದ ಮುಖ್ಯಸ್ಥರಾಗಿದ್ದರು ಎಂಬುದು ಆ ಕಾದಂಬರಿಯ ಬೆನ್ನೆಲುಬು. ವಾಸ್ತವದಲ್ಲಿ ಅದು 1956ರಲ್ಲಿ ಪಿಯರ್ ಪ್ಲಾಂಟಾರ್ ಎಂಬಾತ ಫ್ರಾನ್ಸಿನಲ್ಲಿ ನೋಂದಾಯಿಸಿದ ಸಂಘ. ಅದಕ್ಕೆ ಪ್ರಾಚೀನತೆ ಕಲ್ಪಿಸಲು ಬಾಟಿಚೆಲಿ, ಲಿಯೊನಾರ್ಡೊ, ನ್ಯೂಟನ್ ಮುಂತಾದವರ ಹೆಸರುಗಳಿದ್ದ ನಕಲಿ ದಾಖಲೆಗಳನ್ನು 1960ರ ದಶಕದಲ್ಲಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಸೇರಿಸಲಾಗಿತ್ತು.

ಅಲ್ಲಿ ಇಲ್ಲದ ಸಂಘಕ್ಕೆ ದೊಡ್ಡವರ ಹೆಸರು ಅಂಟಿಸಿದರು. ನಮ್ಮಲ್ಲಿ ಆದದ್ದು ಇದರ ತಿರುವುಮುರುವು. ನಿಜವಾಗಿ ಇದ್ದ ದೊಡ್ಡ ಬಳಗವೊಂದರ ಕೆಲಸವೆಲ್ಲ ಒಂದೇ ಹೆಸರಿಗೆ ಜಮೆಯಾಯಿತು. ಯಾರೂ ಮೋಸದಿಂದ ಮಾಡಿದ್ದಲ್ಲ. ಆದರೆ ಪರಿಣಾಮ ಮಾತ್ರ ಸಣ್ಣದಲ್ಲ.

ಬೇಲೂರಿನ ತಂದೆ, ಮಗ

ತಲಕಾಡಿನಲ್ಲಿ ಚೋಳರನ್ನು ಗೆದ್ದ ವಿಷ್ಣುವರ್ಧನ 1117ರಲ್ಲಿ ಯಗಚಿ ತೀರದ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ. ಅಷ್ಟು ದೊಡ್ಡ ಕೆಲಸಕ್ಕೆ ಬೇಕಾದ ಕುಶಲಿಗಳು ಬಂದದ್ದು ಹೆಚ್ಚಾಗಿ ಕಲ್ಯಾಣ ಚಾಲುಕ್ಯರ ನಾಡಿನಿಂದ. ಇದು ಊಹೆಯಲ್ಲ, ಶಿಲ್ಪಿಗಳೇ ತಮ್ಮ ಊರುಗಳನ್ನು ಬರೆದಿಟ್ಟಿದ್ದಾರೆ. ಈಗಿನ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಿಂದ ದಾಸೋಜ ಬಂದ. ಗದಗಿನಿಂದ ನಾಗೋಜ ಬಂದ. ಚಿಕ್ಕಹಂಪ, ಪದರಿ ಮಲ್ಲೋಜ ಮುಂತಾದವರ ಹೆಸರುಗಳೂ ಇವೆ.

ದಾಸೋಜನ ಜೊತೆಯಲ್ಲಿ ಅವನ ಮಗ ಚಾವಣನೂ ದುಡಿದ. ಹೊರಗೋಡೆಯ ಮೇಲ್ಭಾಗದಲ್ಲಿ ಓರೆಯಾಗಿ ನಿಂತಿರುವ 38 ಹಾಗೂ ಒಳಗಿನ 4 ಮದನಿಕೆಯರಲ್ಲಿ ಹಲವು ಈ ತಂದೆ ಮಕ್ಕಳ ಕೈಯಿಂದ ಮೂಡಿದವು. ಬೇಲೂರಿನಲ್ಲಿ ಒಟ್ಟಿಗೆ ಕೆಲಸ ಮಾಡಿದ ತಂದೆ ಮಗನ ಜೋಡಿಯೊಂದು ಐತಿಹ್ಯದಲ್ಲಷ್ಟೇ ಅಲ್ಲ, ಶಾಸನದಲ್ಲೂ ಇದೆ ಎಂಬುದು ಗಮನಾರ್ಹ. ವ್ಯತ್ಯಾಸವೆಂದರೆ ಇಲ್ಲಿ ಪಂಥವಿಲ್ಲ, ಕಪ್ಪೆಯಿಲ್ಲ, ಕಡಿದ ಕೈಯಿಲ್ಲ. ತಂದೆ ಕಲಿಸಿದ, ಮಗ ಕಲಿತ, ಇಬ್ಬರೂ ಹೆಸರು ಬರೆದರು.

ಹೆಸರಿನ ಜೊತೆಗೆ ಬಿರುದುಗಳನ್ನೂ ಬರೆದುಕೊಂಡರು. ಬಿರುದುಳ್ಳ ರೂವಾರಿಗಳೆಂಬ ಬೆಟ್ಟಗಳಿಗೆ ತಾನು ಸಿಡಿಲು ಎಂದು ಒಬ್ಬ ಹೇಳಿಕೊಂಡರೆ, ರೂವಾರಿಗಳೆಂಬ ಮನ್ಮಥರಿಗೆ ತಾನು ಮಹೇಶ್ವರ ಎಂದು ಮತ್ತೊಬ್ಬ ಹೇಳಿಕೊಂಡ. ರಣರಂಗದ ಸಾಮಂತರಿಗೆ ಒಪ್ಪುವ ಮಾತುಗಳು ಉಳಿ ಹಿಡಿದವರ ಬಾಯಲ್ಲಿ! ಗುಪ್ತವಾಗಿರಲು ಬಯಸಿದವರ ನಡೆ ಇದಲ್ಲ. ಒಂದೇ ಗೋಡೆಯ ಮುಂದೆ ನಿಂತು ಪರಸ್ಪರ ಸವಾಲು ಹಾಕಿದವರ ನಡೆ ಇದು.

‘ರೂವಾರಿ’ ಎಂಬುದು ‘ರೂಪಕಾರಿ’ಯಿಂದ ಬಂದ ಪದ. ರೂಪ ಕೊಡುವವನು ಎಂದರ್ಥ. ಇಂದು ನಮ್ಮ ಪತ್ರಿಕೆಗಳಲ್ಲಿ ಯೋಜನೆಗೂ ರೂವಾರಿಯಿದ್ದಾನೆ, ಸಂಚಿಗೂ ರೂವಾರಿಯಿದ್ದಾನೆ. ಮೂಲದಲ್ಲಿ ಅದು ಕಲ್ಲುಕುಟಿಗನ ಹೆಮ್ಮೆಯ ಬಿರುದು. ಹೆಸರಿನ ತುದಿಯ ‘ಓಜ’ ಎಂಬುದು ಉಪಾಧ್ಯಾಯ ಶಬ್ದದ ತದ್ಭವ. ಶಿಲ್ಪಿಯನ್ನು ಸಮಾಜ ಗುರುಸ್ಥಾನದಲ್ಲಿ ಕಂಡಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಈ ಪರಂಪರೆ ಹೊಯ್ಸಳರಿಗಿಂತ ಹಳೆಯದು. 8ನೇ ಶತಮಾನದ ಪಟ್ಟದಕಲ್ಲಿನ ಶಾಸನಗಳು ಅನಿವಾರಿತಾಚಾರಿ ಗುಂಡ, ಸರ್ವಸಿದ್ಧಿ ಆಚಾರಿ ಎಂಬ ಸ್ಥಪತಿಗಳನ್ನು ಹೊಗಳಿವೆ.

ಇದನ್ನು ಯೂರೋಪಿನ ಜೊತೆಗೆ ಇಟ್ಟು ನೋಡಬೇಕು. ರೋಮಿನ ಸೇಂಟ್ ಪೀಟರ್ಸ್ ಚರ್ಚಿನಲ್ಲಿರುವ ‘ಪಿಯೆಟಾ’ ಮೈಕೆಲೆಂಜೆಲೊ ಸಹಿ ಹಾಕಿದ ಏಕೈಕ ಕೃತಿ. ಅದು ಪೂರ್ಣಗೊಂಡದ್ದು 1499ರ ಸುಮಾರಿಗೆ. ನೋಡಲು ಬಂದವರು ಅದನ್ನು ಬೇರೊಬ್ಬನ ಕೃತಿಯೆಂದದ್ದು ಕಿವಿಗೆ ಬಿದ್ದು, ರಾತ್ರಿ ಹೋಗಿ ಹೆಸರು ಕೆತ್ತಿದನೆಂದು ಜೀವನಚರಿತ್ರೆಕಾರ ವಸಾರಿ ಬರೆದಿದ್ದಾನೆ. ಅದಕ್ಕೂ ಸುಮಾರು 380 ವರ್ಷ ಮೊದಲೇ ಬೇಲೂರಿನ ರೂವಾರಿಗಳಿಗೆ ಸಹಿ ಹಾಕುವುದು ರೂಢಿಯ ಮಾತಾಗಿತ್ತು.

ಹಳೇಬೀಡು, ಅರಸೀಕೆರೆ

ದೋರಸಮುದ್ರದ, ಅಂದರೆ ಇಂದಿನ ಹಳೇಬೀಡಿನ, ಹೊಯ್ಸಳೇಶ್ವರ ದೇವಾಲಯದ ಕೆಲಸ 1121ರ ಸುಮಾರಿಗೆ ಆರಂಭವಾಯಿತು. ಕಟ್ಟಿಸಿದವನು ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲ. ಕೆಲಸ ದಶಕಗಳ ಕಾಲ ನಡೆಯಿತು. ಒಂದನೇ ನರಸಿಂಹನ ಕಾಲದ ಪ್ರಧಾನ ಶಿಲ್ಪಿ ಕೇದಾರೋಜನ ಹೆಸರು ದಕ್ಷಿಣದ ಬಾಗಿಲವಾಡದಲ್ಲಿದೆ. ಗೋಡೆಯ ವಿಗ್ರಹಗಳಲ್ಲಿ ಮಾಣಿಬಲಕಿ, ಮಾಬಲ, ಬಲ್ಲಣ, ಬೋಚಣ, ಕೇತಣ, ರೇವೋಜ ಎಂಬ ಹೆಸರುಗಳು ಸಿಗುತ್ತವೆ.

13ನೇ ಶತಮಾನಕ್ಕೆ ಬಂದರೆ ದೇಗುಲ ಕಟ್ಟಿಸುವ ಉತ್ಸಾಹ ರಾಜಧಾನಿಯಿಂದ ವರ್ತಕರ, ದಂಡನಾಯಕರ ಊರುಗಳಿಗೆ ಹರಡಿತ್ತು. ಅರಸೀಕೆರೆಯ ಶಿವಾಲಯ 1220ರ ಹೊತ್ತಿನದು. ಮಂತ್ರಿ ರೇಚರಸ ಕಟ್ಟಿಸಿದ ಸಹಸ್ರಕೂಟ ಜಿನಾಲಯವೂ ಅದೇ ಊರಿನಲ್ಲಿ, ಅದೇ ಕಾಲದ್ದು. ಶೈವ, ವೈಷ್ಣವ, ಜೈನ ಎಂಬ ಭೇದವಿಲ್ಲದೆ ಈ ಸೀಮೆಯಲ್ಲಿ ಕಲ್ಲುಕೆಲಸ ನಡೆಯಿತು.

ಇದೇ ತಾಲ್ಲೂಕಿನ ಹಾರನಹಳ್ಳಿ ಮತ್ತು ಜಾವಗಲ್ಲಿನ ದೇಗುಲಗಳಲ್ಲಿ ಕಾಣಿಸುವ ಹೆಸರು ಮಲ್ಲಿತಮ್ಮ. 1246ರ ನುಗ್ಗೇಹಳ್ಳಿಯಲ್ಲಿ ಉತ್ತರ ಗೋಡೆಯ ಶಿಲ್ಪಗಳನ್ನು ಆತ ಕೆತ್ತಿದರೆ, ದಕ್ಷಿಣ ಗೋಡೆಯನ್ನು ಬೈಚೋಜ ಕೆತ್ತಿದ. ಒಂದೇ ಗುಡಿಯನ್ನು ಇಬ್ಬರು ಸಮಾನರು ಹೀಗೆ ಹಂಚಿಕೊಂಡಿದ್ದಾರೆ. ಸೋಮನಾಥಪುರದಲ್ಲಂತೂ ಮಲ್ಲಿತಮ್ಮನ ಹತ್ತಾರು ಸಹಿಗಳಿವೆ. ಕೆಲವೆಡೆ ‘ಮಲ್ಲಿ’ ಎಂದಷ್ಟೇ, ಕೆಲವೆಡೆ ‘ಮ’ ಎಂಬ ಒಂದೇ ಅಕ್ಷರ. ಹೊಯ್ಸಳ ಶಿಲ್ಪಕಲೆಗೆ ಒಬ್ಬ ನಾಯಕನನ್ನು ಹೆಸರಿಸಲೇಬೇಕೆಂದರೆ, ದಶಕಗಳ ಕಾಲ ಊರೂರು ಸುತ್ತಿ ದುಡಿದ ಈ ಮಲ್ಲಿತಮ್ಮನಿಗೆ ಸಲ್ಲುವ ಹಕ್ಕು ಜಕಣಾಚಾರಿಗಿಂತ ಬಲವಾದದ್ದು.

ಗುಟ್ಟು ಎಲ್ಲಿತ್ತು?

ಹಾಗಾದರೆ ಈ ಬಳಗದಲ್ಲಿ ಗುಟ್ಟೇ ಇರಲಿಲ್ಲವೆ? ಇತ್ತು. ಆದರೆ ಅದು ಸಂಕೇತಗಳ ಗುಟ್ಟಲ್ಲ, ಕಸುಬಿನ ಗುಟ್ಟು. ತಂದೆಯಿಂದ ಮಗನಿಗೆ, ಓಜನಿಂದ ಶಿಷ್ಯನಿಗೆ ಕೈಯಿಂದ ಕೈಗೆ ದಾಟಿದ ವಿದ್ಯೆ.

ಮೊದಲನೆಯದು ಕಲ್ಲು. ಹೊಯ್ಸಳರು ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದು. ಗಾಳಿಗೆ ಒಡ್ಡಿಕೊಂಡಂತೆ ಗಡುಸಾಗುತ್ತದೆ. ಬೆರಳ ಉಂಗುರ, ಸರದ ಮಣಿಗಳಂಥ ಸೂಕ್ಷ್ಮ ಕೆತ್ತನೆ ಸಾಧ್ಯವಾದದ್ದು ಇದರಿಂದ. ಎರಡನೆಯದು ಕಂಬ. ದುಂಡನೆಯ, ನುಣುಪಾದ ಕಂಬಗಳನ್ನು ತಿರುಗಣಿಯಲ್ಲಿ ತಿರುಗಿಸಿ ಕಡೆದಿದ್ದಾರೆ. ಮೂರನೆಯದು ತಳವಿನ್ಯಾಸ. ಅರಸೀಕೆರೆಯ ಶಿವಾಲಯದ ಮುಂದಿನ ಮಂಟಪ 16 ಮೂಲೆಗಳ ನಕ್ಷತ್ರದಂತಿದೆ. ಒಂದು ಚೌಕವನ್ನು ಅದರ ಕೇಂದ್ರದ ಸುತ್ತ ಪ್ರತಿ ಬಾರಿ 22.5 ಡಿಗ್ರಿಯಂತೆ ಮೂರು ಸಲ ತಿರುಗಿಸಿ ಗುರುತು ಹಾಕಿದರೆ ನಾಲ್ಕು ಚೌಕಗಳ 16 ಮೂಲೆಗಳು ಸಿಗುತ್ತವೆ. ಹಗ್ಗ, ಗೂಟ ಇದ್ದರೆ ನೆಲದ ಮೇಲೆ ಇಂಥ ನಕ್ಷೆ ಬರೆಯಬಹುದು.

ಮರೆತದ್ದೇಕೆ?

1311ರಲ್ಲಿ ಮಲಿಕ್ ಕಾಫರ್‌ನ ದಂಡು ದೋರಸಮುದ್ರದ ಮೇಲೆ ಬಿತ್ತು. ಶತಮಾನದ ಮಧ್ಯಭಾಗದ ಹೊತ್ತಿಗೆ ಹೊಯ್ಸಳ ರಾಜ್ಯವೇ ಮುಗಿದಿತ್ತು. ಆಶ್ರಯದಾತರು ಹೋದ ಮೇಲೆ ಶಿಲ್ಪಿ ಮನೆತನಗಳು ಚದುರಿದವು. ವಿಜಯನಗರದ ಕಾಲಕ್ಕೆ ಕಣಶಿಲೆ ಮುಖ್ಯವಾಯಿತು, ಶೈಲಿ ಬದಲಾಯಿತು. ಲಿಪಿಯೂ ಬದಲಾಗುತ್ತ ಬಂದು, ಪೀಠದ ಮೇಲಿನ ಅಕ್ಷರಗಳು ಪೂಜೆಗೆ ಬರುವವರ ಪಾಲಿಗೆ ಬರಿಯ ಗೀರುಗಳಾದವು. ಓದಲಾಗದ ನೂರು ಹೆಸರುಗಳ ಜಾಗದಲ್ಲಿ ನೆನಪಿಡಬಹುದಾದ ಒಂದು ಹೆಸರು ಬಂದು ಕುಳಿತದ್ದು ಸಹಜವೇ.

ಆ ಗೀರುಗಳನ್ನು ಮತ್ತೆ ಹೆಸರುಗಳನ್ನಾಗಿ ಮಾಡಿದ್ದು ಶಾಸನತಜ್ಞರು. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಶಾಸನ ಸಂಪುಟವನ್ನು ಹೊರತಂದರು. ಆರ್. ನರಸಿಂಹಾಚಾರ್ ಸೋಮನಾಥಪುರ, ಬೇಲೂರು ದೇಗುಲಗಳ ಬಗ್ಗೆ 1917 ಮತ್ತು 1919ರಲ್ಲಿ ಪ್ರಕಟಿಸಿದ ಪುಸ್ತಕಗಳಲ್ಲಿ ಶಿಲ್ಪಿಗಳ ಸಹಿಗಳನ್ನು ಪಟ್ಟಿ ಮಾಡಿದರು. ಮುಂದೆ ಷ. ಶೆಟ್ಟರ್ ಶಿಲ್ಪಿಗಳ ಊರು, ವಂಶ, ಶೈಲಿಗಳನ್ನು ಬೆನ್ನುಹತ್ತಿ ಅವರ ಬದುಕನ್ನೇ ಅಧ್ಯಯನದ ವಸ್ತುವಾಗಿಸಿದರು.

ಜಕಣಾಚಾರಿಯ ಕಥೆಯನ್ನು ಅಳಿಸಬೇಕೆಂದಲ್ಲ. ಮಗನ ಎದುರು ಸೋತು ಸಂತೋಷಪಡುವ ತಂದೆಯ ಆ ಕಥೆ ಕನ್ನಡದ ಆಸ್ತಿ. ಆದರೆ ಅದನ್ನೇ ಚರಿತ್ರೆ ಎಂದುಕೊಂಡಾಗ, ತಮ್ಮ ಹೆಸರು ಉಳಿಯಲೆಂದು ಕಲ್ಲಿನಲ್ಲಿ ಬರೆದಿಟ್ಟ ಕೂಲಿಕಾರ ಕಲಾವಿದರಿಗೆ ಅನ್ಯಾಯವಾಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇಗುಲಗಳು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಬರುವವರ ಸಂಖ್ಯೆ ಹೆಚ್ಚಿದಂತೆ, ಅವರಿಗೆ ಹೇಳುವ ಮಾತಿನ ಹೊಣೆಯೂ ಹೆಚ್ಚುತ್ತದೆ. ಮಾರ್ಗದರ್ಶಿಗಳು ಕಪ್ಪೆಯ ಕಥೆಯ ಜೊತೆಗೆ ದಾಸೋಜ, ಚಾವಣರ ಹೆಸರನ್ನೂ ಹೇಳಿದರೆ ಅರ್ಧ ಕೆಲಸ ಆದಂತೆ.

ಉಳಿದರ್ಧ ನೋಡುವವರದು. ಬೇಲೂರಿನಿಂದ ಹಳೇಬೀಡಿಗೆ ಸುಮಾರು 16 ಕಿ.ಮೀ. ಅರಸೀಕೆರೆ ರೈಲ್ವೆ ಜಂಕ್ಷನ್ನಿನಲ್ಲಿ ಇಳಿದವರಿಗೆ ಹಾರನಹಳ್ಳಿಯೂ ಹತ್ತಿರ. ಮುಂದಿನ ಬಾರಿ ಹೋದಾಗ ವಿಗ್ರಹದ ಮುಖ ನೋಡಿ ಮುಂದೆ ಸರಿಯದೆ, ಅದರ ಪಾದದ ಕೆಳಗಿನ ಪಟ್ಟಿಕೆಯತ್ತ ಕಣ್ಣು ಹಾಯಿಸಿ. ಓದಲು ಬಾರದಿದ್ದರೂ ಅಕ್ಷರಗಳು ಕಾಣುತ್ತವೆ. ಅವು ಕನ್ನಡದ ಅಕ್ಷರಗಳೇ.