ನಿಮಗಿದು ಗೊತ್ತೇ? ನೆಲ ಒರೆಸಿದವನ ಯಂತ್ರಗಾನ

1989ರ ಅಕ್ಟೋಬರ್ 20ರಂದು ಅಮೆರಿಕದಲ್ಲಿ ಒಂದು ಆಲ್ಬಮ್ ಬಿಡುಗಡೆಯಾಯಿತು. ಅದರ ಹೆಸರು ‘ಪ್ರೆಟಿ ಹೇಟ್ ಮಷೀನ್’. ಹೊರತಂದ ತಂಡ ‘ನೈನ್ ಇಂಚ್ ನೇಲ್ಸ್’. ತಂಡ ಎಂದರೆ ಆಗ ಒಬ್ಬರೇ ಒಬ್ಬರು: 24 ವರ್ಷದ ಟ್ರೆಂಟ್ ರೆಜ್ನರ್. ಕಾರ್ಖಾನೆಯ ಸದ್ದು, ಕುಣಿತದ ತಾಳ, ಒಂಟಿ ಮನಸ್ಸಿನ ಅಳಲು ಮೂರನ್ನೂ ಒಂದೇ ಎರಕಕ್ಕೆ ಹೊಯ್ದ ಆಲ್ಬಮ್ ಇದು. ಅದರ ಸುತ್ತಲಿನ ಕೆಲವು ಸಂಗತಿಗಳು ಇಲ್ಲಿವೆ.

● ರೆಜ್ನರ್ ಹುಟ್ಟಿದ್ದು ಪೆನ್ಸಿಲ್ವೇನಿಯಾ ರಾಜ್ಯದ ನ್ಯೂ ಕ್ಯಾಸಲ್‌ನಲ್ಲಿ, 1965ರಲ್ಲಿ. ಬೆಳೆದದ್ದು ಮರ್ಸರ್ ಎಂಬ ಪುಟ್ಟ ಊರಿನಲ್ಲಿ, ತಾಯಿಯ ತವರಿನ ಅಜ್ಜ ಅಜ್ಜಿಯ ಆಸರೆಯಲ್ಲಿ. ಹುಡುಗನಾಗಿದ್ದಾಗಲೇ ಪಿಯಾನೊ ಕಲಿತರು. ಶಾಲೆಯ ವಾದ್ಯಮೇಳದಲ್ಲಿ ಸ್ಯಾಕ್ಸೊಫೋನ್ ಮತ್ತು ಟ್ಯೂಬಾ ಊದಿದರು.

● ಕಾಲೇಜಿನಲ್ಲಿ ಅವರು ಆರಿಸಿಕೊಂಡದ್ದು ಕಂಪ್ಯೂಟರ್ ಎಂಜಿನಿಯರಿಂಗ್. ಅಲೆಗೆನಿ ಕಾಲೇಜಿನಲ್ಲಿ ಒಂದು ವರ್ಷ ಓದಿ, ಬಿಟ್ಟು, ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರ ಸೇರಿದರು. ಯಂತ್ರದ ಮೋಹ ಮಾತ್ರ ಜೊತೆಯಲ್ಲೇ ಬಂತು.

● ಈರಿ ಸರೋವರದ ದಂಡೆಯ ಕ್ಲೀವ್‌ಲ್ಯಾಂಡ್ ಉಕ್ಕಿನ ಊರು. 1970–80ರ ದಶಕಗಳಲ್ಲಿ ಅಲ್ಲಿಯ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಅಮೆರಿಕದ ಆ ಭಾಗಕ್ಕೆ ‘ರಸ್ಟ್ ಬೆಲ್ಟ್’ ಎಂಬ ಹೆಸರೇ ಬಿತ್ತು. ಅಂದರೆ ತುಕ್ಕಿನ ಸೀಮೆ.

● ಕ್ಲೀವ್‌ಲ್ಯಾಂಡ್‌ನ ರೈಟ್ ಟ್ರ್ಯಾಕ್ ಸ್ಟುಡಿಯೋದಲ್ಲಿ ರೆಜ್ನರ್‌ಗೆ ಎರಡು ಕೆಲಸ: ಸಹಾಯಕ ಎಂಜಿನಿಯರ್ ಆಗಿರುವುದು, ನೆಲ ಒರೆಸಿ ಕಸ ತೆಗೆಯುವುದು. ಅವರು ಪಾಲಿಷ್ ಹಾಕಿದರೆ ನೆಲ ಕೂಡ ಸೊಗಸಾಗಿ ಕಾಣುತ್ತಿತ್ತು ಎಂದು ಸ್ಟುಡಿಯೋ ಮಾಲೀಕರೇ ಮುಂದೆ ನೆನೆದರು. ಯಾರೂ ಬುಕ್ ಮಾಡದ ಹೊತ್ತಿನಲ್ಲಿ ಸ್ಟುಡಿಯೋ ಬಳಸಿಕೊಳ್ಳಲು ಅವರಿಗೆ ಅನುಮತಿ ಸಿಕ್ಕಿತು. ಆ ಬಿಡುವಿನ ಗಂಟೆಗಳಲ್ಲೇ ಈ ಹಾಡುಗಳು ಮೊಳೆತವು. 1988ರ ಆ ಮೊದಲ ಕರಡು ಧ್ವನಿಮುದ್ರಣಗಳು ‘ಪ್ಯೂರೆಸ್ಟ್ ಫೀಲಿಂಗ್’ ಎಂಬ ಹೆಸರಿನಲ್ಲಿ ಅಭಿಮಾನಿಗಳ ಕೈಯಿಂದ ಕೈಗೆ ಹರಿದಾಡಿವೆ.

● ತನ್ನ ಮನಸ್ಸಿನಲ್ಲಿದ್ದ ಸಂಗೀತವನ್ನು ನುಡಿಸಬಲ್ಲ ಜೊತೆಗಾರರು ಸಿಗದಿದ್ದಾಗ ರೆಜ್ನರ್‌ಗೆ ದಾರಿ ತೋರಿದವರು ಅಮೆರಿಕದ ಗಾಯಕ ಪ್ರಿನ್ಸ್. 1978ರ ತಮ್ಮ ಮೊದಲ ಆಲ್ಬಮ್‌ನಲ್ಲಿ ವಾದ್ಯಗಳನ್ನೆಲ್ಲ ಪ್ರಿನ್ಸ್ ಒಬ್ಬರೇ ನುಡಿಸಿದ್ದರು. ಹೆಸರುಪಟ್ಟಿಯಲ್ಲಿ ನಮೂದಾದ ವಾದ್ಯಗಳು 27!

● ಈ ಆಲ್ಬಮ್‌ನ ಮೆದುಳು ಆ್ಯಪಲ್ ಕಂಪನಿಯ ಮ್ಯಾಕಿಂಟಾಷ್ ಪ್ಲಸ್ ಕಂಪ್ಯೂಟರ್. 1986ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ನೆನಪಿನ ಸಾಮರ್ಥ್ಯ 1 ಮೆಗಾಬೈಟ್. ಇಂದು ನಮ್ಮ ಮೊಬೈಲ್ ತೆಗೆಯುವ ಒಂದೇ ಒಂದು ಫೋಟೊಗೂ ಅದು ಸಾಲದು.

● ಕಂಪ್ಯೂಟರ್ ಮತ್ತು ವಾದ್ಯಗಳು ಪರಸ್ಪರ ಮಾತಾಡಲು ಬೇಕಾದ ಸಮಾನ ಭಾಷೆ ಸಾರ್ವಜನಿಕ ಪ್ರದರ್ಶನಕ್ಕೆ ಬಂದದ್ದು 1983ರಲ್ಲಿ. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುಟಾರೊ ಕಾಕೆಹಾಶಿ ಅದರ ಹಿಂದಿನ ಪ್ರಮುಖರು. ಆ ಭಾಷೆಯ ಹೆಸರು ‘ಮಿಡಿ’. ಅದು ಇಂಗ್ಲಿಷಿನ ಹ್ರಸ್ವರೂಪ, ನಿಜ. ಆದರೆ ವೀಣೆಯ ತಂತಿಗೂ ಎದೆಗೂ ‘ಮಿಡಿ’ ಎಂದೇ ಹೇಳುವ ಕನ್ನಡದ ಕಿವಿಗೆ ಇದಕ್ಕಿಂತ ಒಪ್ಪುವ ಹೆಸರು ಇನ್ನೊಂದಿಲ್ಲ.

● ಸ್ಯಾಂಪ್ಲರ್ ಎಂದರೆ ಯಾವುದೇ ಸದ್ದನ್ನು ಹಿಡಿದಿಟ್ಟು, ಅದನ್ನು ಕೀಬೋರ್ಡಿನ ಮನೆಗಳಿಗೆ ಹಂಚಿಕೊಡುವ ಯಂತ್ರ. ಬಾಗಿಲು ಬಡಿದ ಸದ್ದನ್ನೂ ಅದರಲ್ಲಿ ಸ, ರಿ, ಗ ಎಂದು ನುಡಿಸಬಹುದು. ರೆಜ್ನರ್ ಬಳಸಿದ್ದು ‘ಇಮ್ಯಾಕ್ಸ್’ ಎಂಬ ಸ್ಯಾಂಪ್ಲರ್.

● ಆಲ್ಬಮ್‌ನ ಕೊನೆಯ ಹಾಡು ‘ರಿಂಗ್‌ಫಿಂಗರ್’ನಲ್ಲಿ ಪ್ರಿನ್ಸ್ ಅವರ ‘ಆಲ್ಫಬೆಟ್ ಸ್ಟ್ರೀಟ್’ ಹಾಡಿನ ತುಣುಕು ಅಡಗಿದೆ. ದಾರಿ ತೋರಿದ ಗುರುವಿನ ದನಿಯೇ ಶಿಷ್ಯನ ಹಾಡಿನೊಳಗೆ ಸೇರಿಕೊಂಡಿತು.

● ಇಂಥ ಕಾರ್ಖಾನೆ ಸದ್ದಿನ ಸಂಗೀತಕ್ಕೆ ‘ಇಂಡಸ್ಟ್ರಿಯಲ್’ ಎಂಬ ಹೆಸರು ಅಂಟಿದ್ದು ಇಂಗ್ಲೆಂಡಿನಲ್ಲಿ. ಥ್ರಾಬಿಂಗ್ ಗ್ರಿಸಲ್ ತಂಡ 1976ರಲ್ಲಿ ‘ಇಂಡಸ್ಟ್ರಿಯಲ್ ರೆಕಾರ್ಡ್ಸ್’ ಎಂಬ ತನ್ನದೇ ಸಂಸ್ಥೆ ಕಟ್ಟಿತು. ಯಂತ್ರಯುಗದ ಮನುಷ್ಯನಿಗೆ ಯಂತ್ರಯುಗದ ಸಂಗೀತವೇ ಬೇಕು ಎಂಬುದು ಅವರ ನಿಲುವು.

● 1980ರಲ್ಲಿ ಪಶ್ಚಿಮ ಬರ್ಲಿನ್‌ನಲ್ಲಿ ಹುಟ್ಟಿದ ಐನ್‌ಸ್ಟುರ್ಟ್ಸೆಂಡೆ ನಾಯ್‌ಬೌಟನ್ ತಂಡ ಇನ್ನೂ ಮುಂದೆ ಹೋಯಿತು. ಡ್ರಿಲ್, ಸುತ್ತಿಗೆ, ಗುಜರಿಯ ತಗಡು ಇವೇ ಅದರ ವಾದ್ಯಗಳು.

● ಈ ಕರ್ಕಶ ಸದ್ದಿಗೆ ಕುಣಿತದ ಹೆಜ್ಜೆ ಕಟ್ಟಿದವರಲ್ಲಿ ಬೆಲ್ಜಿಯಂನ ಫ್ರಂಟ್ 242 ತಂಡದವರು ಮುಖ್ಯರು. 1984ರಲ್ಲಿ ತಮ್ಮ ಸಂಗೀತವನ್ನು ಅವರು ‘ಎಲೆಕ್ಟ್ರಾನಿಕ್ ಬಾಡಿ ಮ್ಯೂಸಿಕ್’ ಎಂದು ಕರೆದರು. ಕಿವಿಗಷ್ಟೇ ಅಲ್ಲ, ಮೈಗೂ ಮುಟ್ಟುವ ಯಂತ್ರಸಂಗೀತ!

● ಸದ್ದು, ಕುಣಿತ ಎರಡಕ್ಕೆ ರೆಜ್ನರ್ ಸೇರಿಸಿದ್ದು ಮೂರನೆಯದನ್ನು: ಪಲ್ಲವಿ, ಚರಣ. ಒಮ್ಮೆ ಕೇಳಿದರೆ ನಾಲಿಗೆಯ ಮೇಲೆ ಉಳಿಯುವ ಹಾಡಿನ ಕಟ್ಟು. ಯಂತ್ರಗಳ ನಡುವೆ ನಿಂತವನು ‘ನಾನು’ ಎಂದು ನೋವು ತೋಡಿಕೊಳ್ಳುತ್ತಾನೆ. ಕೇಳುಗ ಅದನ್ನು ತನ್ನದೆಂದುಕೊಳ್ಳುತ್ತಾನೆ. ಈ ಆಲ್ಬಮ್ ಇವತ್ತಿಗೂ ಹಳತಾಗದಿರುವುದು ಇದರಿಂದಲೇ.

● ಆಲ್ಬಮ್‌ಗೂ ಮೊದಲು ಬಿಡಿಯಾಗಿ ಬಿಡುಗಡೆಯಾದ ಹಾಡು ‘ಡೌನ್ ಇನ್ ಇಟ್’. ಕೆನಡಾದ ಸ್ಕಿನ್ನಿ ಪಪಿ ತಂಡದ ‘ಡಿಗ್ ಇಟ್’ ಅದಕ್ಕೆ ಪ್ರೇರಣೆ ಎಂದು ರೆಜ್ನರ್ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. 1988ರಲ್ಲಿ ಅದೇ ತಂಡದ ಕಾರ್ಯಕ್ರಮಗಳಿಗೆ ಅವರು ಆರಂಭಿಕ ಕಲಾವಿದರಾಗಿ ಹಾಡಿದ್ದರು.

● ಆಲ್ಬಮ್ ಹೊರತಂದ ಟಿವಿಟಿ ಸಂಸ್ಥೆ ಅಲ್ಲಿಯವರೆಗೆ ಹೆಸರಾಗಿದ್ದುದು ಟಿವಿ ಧಾರಾವಾಹಿಗಳ ಶೀರ್ಷಿಕೆ ಗೀತೆಗಳ ಸಂಕಲನಕ್ಕೆ!

● ಹತ್ತು ಹಾಡು, ಸುಮಾರು 48 ನಿಮಿಷ. ಇಷ್ಟಕ್ಕೆ ದುಡಿದದ್ದು ಐದು ಸ್ಟುಡಿಯೋ, ಮೂರು ಅಮೆರಿಕದಲ್ಲಿ, ಎರಡು ಲಂಡನ್ನಿನಲ್ಲಿ. ಲಂಡನ್ನಿನ ಬ್ಲ್ಯಾಕ್‌ವಿಂಗ್ ಸ್ಟುಡಿಯೋ ಇದ್ದದ್ದು ಪೂಜೆ ನಿಂತುಹೋದ ಒಂದು ಹಳೆಯ ಚರ್ಚಿನೊಳಗೆ.

● ಆಲ್ಬಮ್‌ನ ನಾಲ್ವರು ಸಹನಿರ್ಮಾಪಕರಲ್ಲಿ ಒಬ್ಬರು ‘ಫ್ಲಡ್’ ಎಂಬ ಹೆಸರಿನಿಂದ ಪ್ರಸಿದ್ಧರಾದ ಬ್ರಿಟಿಷ್ ತಂತ್ರಜ್ಞ. ಡೆಪೆಷ್ ಮೋಡ್ ತಂಡದ ‘ವಯಲೇಟರ್’ ಆಲ್ಬಮ್ ಅವರನ್ನು ಕರೆಯುತ್ತಿದ್ದುದರಿಂದ ಇಲ್ಲಿ ಅವರಿಗೆ ದಕ್ಕಿದ್ದು ಎರಡೇ ಹಾಡು. ಆದರೆ ಆ ಎರಡೇ ಆಲ್ಬಮ್‌ನ ಬಾಗಿಲಾದವು: ಮೊದಲ ಹಾಡು ‘ಹೆಡ್ ಲೈಕ್ ಎ ಹೋಲ್’, ಎರಡನೆಯದು ‘ಟೆರಿಬಲ್ ಲೈ’.

● ಮುಖಪುಟದಲ್ಲಿ ಪಕ್ಕೆಲುಬಿನಂತೆ ಕಾಣುವುದು ಎಲುಬಲ್ಲ. ಟರ್ಬೈನ್ ಅಲಗುಗಳ ಚಿತ್ರವನ್ನು ಉದ್ದಕ್ಕೆ ಹಿಗ್ಗಿಸಿ ಹಾಗೆ ಕಾಣಿಸಿದ್ದಾರೆ. ಯಂತ್ರದಲ್ಲಿ ಮೈಯನ್ನು ಕಾಣುವ ಆಲ್ಬಮ್‌ಗೆ ತಕ್ಕ ಮುಖ.

● ನೈನ್ ಇಂಚ್ ನೇಲ್ಸ್‌ನ ಅಧಿಕೃತ ಬಿಡುಗಡೆಗಳಿಗೆ ‘ಹೇಲೋ’ ಎಂಬ ಕ್ರಮಸಂಖ್ಯೆ ಇರುತ್ತದೆ. ‘ಡೌನ್ ಇನ್ ಇಟ್’ ಹೇಲೋ 1, ಈ ಆಲ್ಬಮ್ ಹೇಲೋ 2.

● ‘ಡೌನ್ ಇನ್ ಇಟ್’ ವಿಡಿಯೊ ಚಿತ್ರೀಕರಣ ಶಿಕಾಗೊದಲ್ಲಿ ನಡೆಯಿತು. ಸತ್ತವನಂತೆ ನೆಲದ ಮೇಲೆ ಬಿದ್ದ ರೆಜ್ನರ್‌ರನ್ನು ಮೇಲಿನಿಂದ ತೋರಿಸಲು ಬಲೂನಿಗೆ ಕ್ಯಾಮೆರಾ ಕಟ್ಟಿದ್ದರು. ಹಗ್ಗ ಹರಿದು ಕ್ಯಾಮೆರಾ ಹಾರಿಹೋಗಿ ಮಿಷಿಗನ್ ರಾಜ್ಯದ ರೈತರೊಬ್ಬರ ಹೊಲದಲ್ಲಿ ಬಿತ್ತು. ಫಿಲಂ ನೋಡಿದವರಿಗೆ ಅದು ನಿಜವಾದ ಕೊಲೆಯಂತೆ ಕಂಡಿತು. ತನಿಖೆ ಎಫ್‌ಬಿಐವರೆಗೂ ಹೋಯಿತು! ‘ಸತ್ತವರು’ ಊರೂರು ಸುತ್ತಿ ಹಾಡುತ್ತಿದ್ದಾರೆಂದು ಗೊತ್ತಾದ ಮೇಲೆ ಕಡತ ಮುಚ್ಚಿತು.

● ಬಿಲ್‌ಬೋರ್ಡ್ ಪಟ್ಟಿಯಲ್ಲಿ ಈ ಆಲ್ಬಮ್ ಏರಿದ ಅತಿ ಎತ್ತರ 75ನೇ ಸ್ಥಾನ. ಆದರೆ ಪಟ್ಟಿಯಲ್ಲಿ ಉಳಿದದ್ದು 100ಕ್ಕೂ ಹೆಚ್ಚು ವಾರ. 2003ರ ಹೊತ್ತಿಗೆ ಅಮೆರಿಕದಲ್ಲಿ 30 ಲಕ್ಷ ಪ್ರತಿಗಳ ಮಟ್ಟ ಮುಟ್ಟಿ ಮೂರು ಪಟ್ಟು ಪ್ಲಾಟಿನಂ ಮನ್ನಣೆ ಪಡೆಯಿತು. ದೊಡ್ಡ ಕಂಪನಿಯ ಬಲವಿಲ್ಲದೆ, ಕಿವಿಯಿಂದ ಕಿವಿಗೆ ಹಬ್ಬಿ ಗಳಿಸಿದ ಗೆಲುವು ಅದು.

● ‘ಬ್ಲ್ಯಾಕ್ ಮಿರರ್’ ಟಿವಿ ಸರಣಿಯ 2019ರ ಕಂತೊಂದರಲ್ಲಿ ಗಾಯಕಿ ಮೈಲಿ ಸೈರಸ್ ‘ಹೆಡ್ ಲೈಕ್ ಎ ಹೋಲ್’ ಹಾಡಿನ ಧಾಟಿಗೆ ಬೇರೆ ಮಾತು ಹೊಂದಿಸಿ ಹಾಡಿದರು. ಸಿಟ್ಟಿನ ಹಾಡು ಉತ್ಸಾಹದ ಪಾಪ್ ಗೀತೆಯಾಯಿತು. ಧಾಟಿ ಎರಡನ್ನೂ ತಾಳಿಕೊಂಡಿತು.

● 2011ರ ಆಸ್ಕರ್‌ನಲ್ಲಿ ‘ದ ಸೋಷಿಯಲ್ ನೆಟ್‌ವರ್ಕ್’ ಚಿತ್ರದ ಹಿನ್ನೆಲೆ ಸಂಗೀತಕ್ಕೆ ರೆಜ್ನರ್ ಮತ್ತು ಅವರ ಜೊತೆಗಾರ ಆ್ಯಟಿಕಸ್ ರಾಸ್ ಪ್ರಶಸ್ತಿ ಗೆದ್ದರು. ಅದೇ ವರ್ಷ, ಅದೇ ವಿಭಾಗದಲ್ಲಿ ‘127 ಅವರ್ಸ್’ ಚಿತ್ರಕ್ಕಾಗಿ ನಾಮನಿರ್ದೇಶನಗೊಂಡಿದ್ದವರು ನಮ್ಮ ಎ.ಆರ್. ರೆಹಮಾನ್.

● 2020ರಲ್ಲಿ ನೈನ್ ಇಂಚ್ ನೇಲ್ಸ್ ‘ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್’ ಸೇರಿತು. ಆ ಸಂಸ್ಥೆಯ ವಸ್ತುಸಂಗ್ರಹಾಲಯ ಇರುವುದು ಈರಿ ಸರೋವರದ ದಂಡೆಯಲ್ಲಿ, ರೆಜ್ನರ್ ನೆಲ ಒರೆಸಿದ ಅದೇ ಕ್ಲೀವ್‌ಲ್ಯಾಂಡ್‌ನಲ್ಲಿ.

● ಆಲ್ಬಮ್‌ನ ಐದನೆಯ ಹಾಡು ‘ಸಮ್‌ಥಿಂಗ್ ಐ ಕ್ಯಾನ್ ನೆವರ್ ಹ್ಯಾವ್’. ಕುಣಿತದ ತಾಳ ಇಲ್ಲಿ ಹಿಂದೆ ಸರಿಯುತ್ತದೆ; ಮುಂದೆ ಬರುವುದು ಪಿಯಾನೊ, ಮರ್ಸರ್‌ನ ಹುಡುಗ ಕಲಿತ ಅದೇ ವಾದ್ಯ. ಯಂತ್ರದ ಗೊರಗೊರ ದೂರದಲ್ಲೆಲ್ಲೋ ಕೇಳಿಸುತ್ತಿರುತ್ತದೆ. ಈ ಆಲ್ಬಮ್ ಕೇಳದವರು ಇಲ್ಲಿಂದಲೇ ಶುರು ಮಾಡಿ. ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ.