ಡೀಸೆಲ್ ಹೊಗೆಯ ಮಸಿಗೊಂದು ಕಾವಲು

ಸೀಮೆಎಣ್ಣೆ ದೀಪದ ಬುರುಡೆಗೆ ಮಸಿ ಹಿಡಿಯುತ್ತಿದ್ದುದನ್ನು ನಮ್ಮಲ್ಲಿ ಹಿರಿಯರು ಬಲ್ಲರು. ಇಂಧನವು ಪೂರ್ತಿಯಾಗಿ ಉರಿಯದೆ ಉಳಿದ ಇಂಗಾಲದ ಕಣಗಳೇ ಮಸಿ. ಡೀಸೆಲ್ ಎಂಜಿನಿನಲ್ಲಿಯೂ ಇದೇ ಮಸಿ ಹುಟ್ಟುತ್ತದೆ. ಆದರೆ ಅದರ ಕಣಗಳಲ್ಲಿ ಬಹುಪಾಲು ಒಂದು ಮೈಕ್ರಾನಿನ ಹತ್ತನೆಯ ಒಂದು ಭಾಗಕ್ಕಿಂತಲೂ ಸಣ್ಣವು. ಇವು ಮೂಗು ಗಂಟಲುಗಳ ತಡೆಯನ್ನು ದಾಟಿ ಶ್ವಾಸಕೋಶದ ಗಾಳಿಗೂಡುಗಳನ್ನು ಸೇರುತ್ತವೆ. ಉಬ್ಬಸವನ್ನೂ ಹೃದ್ರೋಗವನ್ನೂ ಉಲ್ಬಣಗೊಳಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು.

ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮವು, ಡೀಸೆಲ್ ಕಾರು ಕಿಲೋಮೀಟರಿಗೆ ಉಗುಳಬಹುದಾದ ಕಣಗಳ ಮಿತಿಯನ್ನು 25 ಮಿಲಿಗ್ರಾಮಿನಿಂದ 4.5 ಮಿಲಿಗ್ರಾಮಿಗೆ ಇಳಿಸಿತು. ಇದನ್ನು ಸಾಧಿಸಲು ಹೊಗೆಕೊಳವೆಯಲ್ಲಿ ಜೇನುಹುಟ್ಟಿನಂತಹ ಪಿಂಗಾಣಿಯ ಫಿಲ್ಟರನ್ನು ಇಡುತ್ತಾರೆ. ಅದರ ಗೋಡೆಗಳ ಸೂಕ್ಷ್ಮರಂಧ್ರಗಳಲ್ಲಿ ಅನಿಲವು ಹಾದುಹೋಗುತ್ತದೆ, ಮಸಿಯು ಉಳಿಯುತ್ತದೆ. ಆಗಾಗ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಆ ಮಸಿ ಸುಟ್ಟುಹೋಗಬೇಕು.

ಫಿಲ್ಟರ್ ಕಟ್ಟಿಕೊಂಡರೆ ಅಥವಾ ಬಿರುಕುಬಿಟ್ಟರೆ ತಿಳಿಯುವುದು ಹೇಗೆ? ಇಲ್ಲಿಯೇ ಸೆನ್ಸರುಗಳ ಕೆಲಸ. ಒಂದು ಸೆನ್ಸರ್ ಫಿಲ್ಟರಿನ ಹಿಂದುಮುಂದಿನ ಒತ್ತಡದ ಅಂತರವನ್ನು ಅಳೆಯುತ್ತದೆ. ಮಸಿ ತುಂಬಿದಷ್ಟೂ ಅಂತರ ಹೆಚ್ಚುತ್ತದೆ. ಮತ್ತೊಂದನ್ನು ಫಿಲ್ಟರಿನ ಆಚೆ ಕೂರಿಸುತ್ತಾರೆ. ಅದರಲ್ಲಿ ಪಿಂಗಾಣಿಯ ಬಿಲ್ಲೆಯ ಮೇಲೆ ಎರಡು ಬಾಚಣಿಗೆಗಳ ಹಲ್ಲುಗಳು ಒಂದಕ್ಕೊಂದು ತಾಗದಂತೆ ಹೆಣೆದುಕೊಂಡಿರುವ ಹಾಗೆ ಲೋಹದ ಗೆರೆಗಳಿರುತ್ತವೆ. ಅವುಗಳ ನಡುವೆ ವಿದ್ಯುತ್ತು ಹರಿಯದು. ಮಸಿಯು ವಿದ್ಯುದ್ವಾಹಕ; ತಪ್ಪಿಸಿಕೊಂಡು ಬಂದ ಕಣಗಳು ಕೂತಂತೆಲ್ಲ ಸಣ್ಣ ಸೇತುವೆಗಳು ಏರ್ಪಟ್ಟು ವಿದ್ಯುತ್ತು ಹರಿಯತೊಡಗುತ್ತದೆ. ಎಷ್ಟು ಬೇಗ ಹರಿಯಿತೆಂಬುದೇ ಸೋರಿದ ಮಸಿಯ ಅಳತೆ. ಬಳಿಕ ಬಿಲ್ಲೆಯೊಳಗಿನ ಪುಟ್ಟ ಹೀಟರ್ ಆ ಮಸಿಯನ್ನು ಸುಟ್ಟು, ಅಳತೆ ಮತ್ತೆ ಮೊದಲಾಗುತ್ತದೆ.

ಹೊಗೆ ತಪಾಸಣಾ ಕೇಂದ್ರದ ಯಂತ್ರವು ಹೊಗೆ ಬೆಳಕನ್ನೆಷ್ಟು ತಡೆಯಿತೆಂದು ನೋಡುತ್ತದೆ. ಅತಿಸೂಕ್ಷ್ಮ ಕಣಗಳು ಅದಕ್ಕೆ ಸರಿಯಾಗಿ ಸಿಗವು. ಆದುದರಿಂದ ಹೊಗೆ ಕಣ್ಣಿಗೆ ಕಾಣದಿದ್ದ ಮಾತ್ರಕ್ಕೆ ಗಾಳಿ ಶುದ್ಧವೆಂದು ತಿಳಿಯಬಾರದು.

ಡೀಸೆಲ್ ವಾಹನವಿರುವ ಬಂಧುಗಳಲ್ಲಿ ಒಂದು ವಿನಂತಿ. ನಗರದೊಳಗಿನ ಸಣ್ಣ ಸಣ್ಣ ಓಡಾಟದಲ್ಲಿ ಫಿಲ್ಟರ್ ಸಾಕಷ್ಟು ಕಾಯುವುದಿಲ್ಲ. ಮಸಿ ಸುಡದೆ ಕಟ್ಟಿಕೊಳ್ಳುತ್ತದೆ. ಎಚ್ಚರಿಕೆಯ ದೀಪ ಹತ್ತಿದರೆ ಕೈಪಿಡಿಯಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ಕೆಲಹೊತ್ತು ಒಂದೇ ವೇಗದಲ್ಲಿ ಓಡಿಸಿರಿ. ಆರದಿದ್ದರೆ ಮೆಕ್ಯಾನಿಕರಿಗೆ ತೋರಿಸಿರಿ. ಖರ್ಚು ಉಳಿಸಲೆಂದು ಫಿಲ್ಟರನ್ನೇ ಕಿತ್ತುಹಾಕಿಸುವ, ಸೆನ್ಸರಿನ ಬಾಯಿ ಮುಚ್ಚಿಸುವ ಸಲಹೆಗೆ ಕಿವಿಗೊಡಬೇಡಿರಿ. ಆ ಮಸಿಯನ್ನು ಉಸಿರಾಡುವವರು ಬಸ್ ನಿಲ್ದಾಣದಲ್ಲಿ ಕಾದು ನಿಂತ ನಮ್ಮ ಮಕ್ಕಳೇ.